ವ್ಯಾಪ್ತಿಯಲ್ಲಿದ್ದಾಗ ತಾನಾಗಿ

ಮುಚ್ಚಿಹೋದ ಹಡಗು ಕಂಪನಿಯ ಹರಾಜಿನಲ್ಲಿ
ಹನ್ನೆರಡು ದಿನಾರಿಗೆ ಸಿಕ್ಕ ಡೆಸ್ಕ್‌ಟಾಪು.
ಮೂರು ಜನ ಸೇರಿ ಹೊತ್ತು ತಂದು
ಮುಹರ್ರಕ್ಕಿನ ಈ ಹಳೇ ಓಣಿಯ ಕೋಣೆಯಲ್ಲಿ
ಇಸ್ತ್ರಿ ಮೇಜಿನ ಕೊನೆಗೆ ಕೂರಿಸಿದೆವು.
ಆಮೇಲೆ ಅದು ಅಂಗುಲ ಕದಲಿಲ್ಲ.

ಗೋಡೆ ಹವಳದ ಕಲ್ಲಿನದು, ಮೊಳದಷ್ಟು ದಪ್ಪ.
ಬಿಸಿಲನ್ನು ತಡೆಯುತ್ತದೆ, ಬಾಂಗನ್ನು ತಡೆಯುವುದಿಲ್ಲ,
ವೈಫೈಯನ್ನಂತೂ ಒಂದು ಹನಿ ಬಿಡದೆ ಕುಡಿಯುತ್ತದೆ.
ಅದಕ್ಕೇ ಐದು ಮೀಟರಿನ ಕೇಬಲು,
ತುದಿಗೆ ಹೆಬ್ಬೆರಳಿನಷ್ಟು ಡಾಂಗಲು,
ಡಾಂಗಲಿನ ಬೆನ್ನಿಗೆ ಹಿಟ್ಟು ಸೋಸುವ ತಂತಿಯ ಜರಡಿ.
ಕಿಟಕಿಯ ಸರಳಿಗೆ ಕಟ್ಟಿದವನು ಉಪ್ಪುಂದದ ಶೀನ ಖಾರ್ವಿ:
ಡ್ರೈಡಾಕಿನ ವೆಲ್ಡರು, ಗಂಟು ಮಾತ್ರ ದೋಣಿಯದು.

ಪ್ರೊಫೈಲು ಬರೆಯುತ್ತ ಕೂತೆ ನಾನು.
ಮೊದಲನೆಯದು ಕೆಳಗಿನ ಕೆಫೆಟೀರಿಯದ್ದು,
ಚಹಾ ಕುಡಿದವರಿಗೆ ಮಾತ್ರ, ರಾತ್ರಿ ಹನ್ನೆರಡರ ತನಕ.
ಎರಡನೆಯದು ಎದುರುಮನೆಯ ಈಜಿಪ್ಟಿನ ಮಾಸ್ತರರದ್ದು,
ಮಕ್ಕಳ ಪರೀಕ್ಷೆ ಬಂದರೆ ಪಾಸ್‌ವರ್ಡು ಬದಲು.
ಮೂರನೆಯದು ಶೀನನ ಫೋನು, ಡೇಟಾ ಉಳಿದ ದಿನ.
ಭದ್ರತೆಯ ಬಗೆ, ಆದ್ಯತೆಯ ಕ್ರಮ,
ಕೊನೆಗೆ ಆ ಚೌಕದಲ್ಲೊಂದು ಗುರುತು:
ವ್ಯಾಪ್ತಿಯಲ್ಲಿದ್ದಾಗ ತಾನಾಗಿ ಸೇರಿಕೊ.

ಹೊಳೆಆಲೂರಿನ ಮಾಬುಸಾಬ ಹೊಲಿಗೆ ನಿಲ್ಲಿಸಿ ನಕ್ಕ:
“ಊರೂರು ತಿರಗೋ ಲ್ಯಾಪ್‌ಟಾಪಿಗೆ ಬೇಕು, ಖರೆ.
ಕೂತಲ್ಲೇ ಕೂತ ಪೆಟ್ಟಿಗಿಗೆ ಯಾಕೋ ಇಷ್ಟು ವಿಳಾಸ?”

ಉತ್ತರ ಆಗ ಹೊಳೆಯಲಿಲ್ಲ.
ಮಾಸ್ತರರು ಅಲೆಗ್ಸಾಂಡ್ರಿಯಕ್ಕೆ ಮರಳಿದರು.
ಕೆಫೆಟೀರಿಯ ಮುಚ್ಚಿ ಮೊಬೈಲು ರಿಪೇರಿಯಾಯಿತು, ಆಮೇಲೆ ಕ್ಷೌರದಂಗಡಿ.
ಪೆಟ್ಟಿಗೆ ಕೂತಲ್ಲೇ ಇದೆ, ಮಾಬುಸಾಬ.
ತಿರುಗಿದ್ದು ಊರು.

ನಾಲ್ಕನೆಯದು ಮಾರಿವಿಕ್‌ಳದ್ದು.
ಮಹಡಿಯ ಮೇಲಿನ ನರ್ಸು, ತಿಂಗಳಿಗೆ ಎರಡು ದಿನಾರು,
ಲಾಂಡ್ರಿ ಚೀಟಿಯ ಬೆನ್ನಿಗೆ ನೀಲಿ ಶಾಯಿಯಲ್ಲಿ ಹದಿನಾಲ್ಕು ಅಕ್ಷರ.
ಮನೆಯೊಡೆಯನಿಗೆ ತಿಳಿಯದಿರಲೆಂದು
ನೆಟ್‌ವರ್ಕಿನ ಹೆಸರನ್ನು ಗಾಳಿಗೆ ಬಿಡುತ್ತಿರಲಿಲ್ಲ ಅವಳು.
ಅಂಥದ್ದು ಪಟ್ಟಿಯಲ್ಲಿ ಹುಡುಕಿದರೆ ಸಿಗದು,
ಕೈಯಾರೆ ಬರೆಯಬೇಕು; ಆಮೇಲೆ
ಯಂತ್ರವೇ ಹೆಸರು ಹಿಡಿದು ಕೂಗುತ್ತಿರಬೇಕು,
ಇದ್ದೀಯಾ, ಇದ್ದೀಯಾ.

ಅವಳು ಹೋದದ್ದು ಒಂದು ಗುರುವಾರ, ಕರಾರು ಮುಗಿದು.
ನಾನು ರಾತ್ರಿ ಪಾಳಿಯಲ್ಲಿದ್ದೆ.
ರೂಟರನ್ನೂ ಮಾರಿದಳೆಂದು ಶೀನ ಹೇಳಿದ.
ಅಳಿಸಬಹುದಿತ್ತು. ಎರಡು ಕ್ಲಿಕ್ಕಿನ ಕೆಲಸ.
ಪಟ್ಟಿಯ ತಳಕ್ಕೆ ಇಳಿಸಿದೆ, ಅಷ್ಟೆ.
ಎರಡು ಬೇಸಿಗೆ, ಪವರ್ ಒತ್ತಿದಾಗಲೆಲ್ಲ
ಓಣಿಯಲ್ಲಿ ಯಾರಿಗೂ ಕೇಳದ ಹಾಗೆ
ಪೆಟ್ಟಿಗೆ ಅವಳ ಹೆಸರು ಕೂಗಿತು.

ಮೊನ್ನೆ ಓಗೊಟ್ಟಿತು.
ಒಂದೇ ಗೀಟು. ಸಂಪರ್ಕವಾಗಿದೆ.
ಮೌಸಿನ ಮೇಲಿದ್ದ ಕೈ ಹಾಗೇ ನಿಂತಿತು.
ಶೀನ ಜರಡಿಯನ್ನು ಚುಕ್ಕಾಣಿಯಂತೆ ತಿರುಗಿಸಿದ:
“ಕಾಣಿ, ಬಡಗ್ ಬದಿ ಎರಡ್ ಗೀಟ್!”

ಬಡಗಣ ಸಂದಿನ ನೀಲಿ ಬಾಗಿಲು ತೆರೆದವನು
ಸಿಲ್ಹೆಟ್ಟಿನ ಗಾರೆಯವ ತೊಫಾಯೆಲ್, ತಲೆಯಿನ್ನೂ ಒದ್ದೆ.
ಸಂತೆಯಲ್ಲಿ ಕೊಂಡ ರೂಟರು, ಪಾಸ್‌ವರ್ಡು ತಳಕ್ಕೆ ಅಂಟಿಸಿತ್ತಂತೆ.
“ಬದಲಿಸಿಕೊಳ್ಳಿ,” ಎಂದೆ ಹರುಕು ಹಿಂದಿಯಲ್ಲಿ, “ನನಗೆ ಅದು ಗೊತ್ತು.”
“ಹಾಗಾದರೆ ನೀವೇ ಮಾಡಿಕೊಡಿ,” ಎಂದ.

ಅವನಿಗೂ ಒಂದು ಡೆಸ್ಕ್‌ಟಾಪು, ಅಕ್ಕಿ ಚೀಲದ ಮೇಲೆ.
ಹಳೆಯ ಹೆಸರನ್ನು ನಾನೇ ಅಳಿಸಿದೆ,
ಹಿಂದಿನಿಂದ, ಒಂದೊಂದೇ ಅಕ್ಷರ.
ಹೊಸದನ್ನು ಅವನು ಹೇಳಿದ. ಮಗಳದಿರಬೇಕು, ಕೇಳಲಿಲ್ಲ.
ಪಾಸ್‌ವರ್ಡಿನ ಸಾಲು ಬಂದಾಗ
ಕೀಬೋರ್ಡನ್ನು ಅವನತ್ತ ಸರಿಸಿ
ಗೋಡೆಗೆ ಮುಖಮಾಡಿ ನಿಂತೆ.

ಸುಣ್ಣ ಉದುರಿದಲ್ಲಿ ಅದೇ ಹವಳದ ಕಲ್ಲು,
ಕಲ್ಲಿನ ತುಂಬ ಸಣ್ಣ ಸಣ್ಣ ತೂತು,
ಬೆರಳಿಟ್ಟರೆ ಉಪ್ಪು.
ಬೆನ್ನ ಹಿಂದೆ ಗುಂಡಿ ಒತ್ತುವ ಸದ್ದು, ತಡೆದು ತಡೆದು.
ಎಣಿಸಬಾರದು ಎಂದುಕೊಳ್ಳುತ್ತಲೇ
ಎಣಿಸಿದೆ: ಎಂಟು.